ಕೌದಿಯ ಮೂಲೆಯಲ್ಲಿದ್ದ ಗಂಟು

ಕೊರೋನಾ ಮುಗಿದ ಎರಡನೆಯ ವರ್ಷ. ಸೋಲಾಪುರದ ಒಂದು ಬಟ್ಟೆ ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಹಿರಿಯ ಪರೀಕ್ಷಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ನವಿ ಪೇಠದ ಬಟ್ಟೆ ಅಂಗಡಿಯವರ ಮನೆಯಲ್ಲಿ ಹುಟ್ಟಿದವನು ನಾನು. ಬಟ್ಟೆಯನ್ನು ನಂಬು, ಮಾರುವವನನ್ನು ನಂಬಬೇಡ ಎಂದು ಅಪ್ಪ ಹೇಳುತ್ತಿದ್ದರು. ನೌಕರಿ ಸೇರಿದ ಮೇಲೆ ಬಟ್ಟೆಯನ್ನೂ ನಂಬುವುದನ್ನು ಬಿಟ್ಟೆ.

ಅಕ್ಕಲಕೋಟದಲ್ಲಿ ಯಾತ್ರಿ ನಿವಾಸ ಕಟ್ಟಿಸಿದ್ದ ರಾಜಶೇಖರ ಶೇಟರು ಒಂದು ದಿನ ಫೋನ್ ಮಾಡಿದರು. ಊಟದ ಹಾಲ್‌ಗೆ ಆರ್ಟ್ ಇನ್‌ಸ್ಟಲೇಶನ್, ಎಂದರೆ ಗೋಡೆಯನ್ನೇ ತುಂಬುವ ಕಲಾಕೃತಿ ಬೇಕಾಗಿತ್ತು. ನಂದೇಶ್ವರದ ಕುರಿಗಾಹಿ ಮನೆತನದ ಬಾಳವ್ವ ಮತ್ತು ಗುರುನಾಥ ಎಂಬ ಪೇಂಟರ್ ಸೇರಿ ಪ್ರಸ್ತಾವ ಕೊಟ್ಟಿದ್ದರು: ತಲಾ ಎಂಟು ಅಡಿ ಎತ್ತರದ ಐದು ಪಟ, ನಡುವೆ ಕ್ಯಾನ್ವಾಸ್ ಮೇಲೆ ಬರೆದ ಕುರಿಹಿಂಡು, ಸುತ್ತ ಹಳೆಯ ಸೀರೆ, ಧೋತರಗಳ ಕೌದಿ. ಎಲ್ಲ ಹತ್ತಿ, ಎಲ್ಲ ಕೈಹೊಲಿಗೆ ಎಂದು ಬರೆದಿದ್ದರು. ಶೇಟರಿಗೆ ಹಿಂದೆ ಯಾರೋ ಪವರ್‌ಲೂಮ್ ಪರದೆಯನ್ನು ಕೈಮಗ್ಗದ್ದೆಂದು ಮಾರಿದ್ದರು. ಹಾಲಿನಿಂದ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. "ನೀವು ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ" ಎಂದರು.

ಮರುದಿನ ಹೋದೆ. ಮಾದರಿ ಪಟವನ್ನು ಊಟದ ಮೇಜುಗಳ ಮೇಲೆ ಹಾಸಿದ್ದರು. ಫ್ಲೆಕ್ಸ್ ಬಂದು ಬೋರ್ಡ್ ಬರೆಯುವ ಕೆಲಸ ಕಳೆದುಕೊಂಡಿದ್ದ ಗುರುನಾಥ ನನ್ನ ಮುಖವನ್ನೇ ನೋಡುತ್ತಿದ್ದ. ಅರವತ್ತು ದಾಟಿದ ಬಾಳವ್ವ ಗೋಡೆಗೆ ಒರಗಿ ನಿಂತಿದ್ದರು. ಇಲ್ಲಿ ನಕಲಿ ಅನ್ನಿಸಿಕೊಂಡರೆ ಆ ಮಾತು ಅವರಿಗಿಂತ ಮೊದಲು ಊರು ಮುಟ್ಟುತ್ತಿತ್ತು. ಅದು ನನಗೆ ಗೊತ್ತಿತ್ತು, ಆದರೂ ಮನಸ್ಸು ಮೆತ್ತಗಾಗಲಿಲ್ಲ.

ಪಿಕ್ ಗ್ಲಾಸ್, ಅಂದರೆ ಎಳೆ ಎಣಿಸುವ ಮಡಚುವ ಭೂತಗನ್ನಡಿ, ಇಟ್ಟು ನೋಡಿದೆ. ಕೈಹೊಲಿಗೆಯೇ. ನಾಲ್ಕು ಕಡೆ ಎಳೆ ಕಿತ್ತು ಸುಟ್ಟೆ. ಹತ್ತಿ ಸುಟ್ಟರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ನಾಲ್ಕೂ ಬೂದಿಯಾದವು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಶೆಯೇ ಆಯಿತು. ಆಗ ಬಲಗಡೆಯ ಕೆಳಮೂಲೆಯಲ್ಲಿ ಬೆರಳಿಗೆ ಒಂದು ಗಟ್ಟಿ ಗಂಟು ಸಿಕ್ಕಿತು.

"ಇದರಾಗ ಏನ್ ಇಟ್ಟೀರಿ?"

"ಏನರೆ ಇಡ್ತಾರ್ರೀ ಸಾಹೇಬ್ರ? ಎಲ್ಲಾರೂ ಇಡೂದ ನಾನೂ ಇಟ್ಟೀನಿ" ಎಂದು ಬಾಳವ್ವ ನಕ್ಕರು.

ಎಲ್ಲರೂ ಇಡುವುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಮೇಲೆ ಹತ್ತಿ ಹೊದಿಸಿ ಒಳಗೆ ಪಾಲಿಯೆಸ್ಟರ್ ಚಿಂದಿ ತುಂಬಿದ ಎಷ್ಟು ಗಾದಿಗಳನ್ನು ಹಿಡಿದಿದ್ದೆ! ಅಂಥದ್ದನ್ನು ಊಟದ ಹಾಲ್‌ನಲ್ಲಿ ತೂಗುಹಾಕಿದರೆ ಬೆಂಕಿಯ ಭಯ ಬೇರೆ. ಕತ್ತರಿ ತೆಗೆದೆ. ಬಾಳವ್ವನ ನಗು ನಿಂತಿತು.

"ಬಿಚ್ಚಬ್ಯಾಡ್ರಿ! ಕೈ ಮುಗೀತೀನಿ, ಅದನ್ನೊಂದ ಬಿಚ್ಚಬ್ಯಾಡ್ರಿ!"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಹೊಲಿಗೆ ಕತ್ತರಿಸಿದೆ. ಒಳಗಿಂದ ಮೇಜಿನ ಮೇಲೆ ಬಿದ್ದದ್ದು ಒಂದು ಚೂರು ಒಣ ಜೋಳದ ರೊಟ್ಟಿ.

ಗುರುನಾಥ ಆ ಚೂರನ್ನು ಎತ್ತಿಕೊಂಡು ಹೇಳಿದ: "ಕೌದಿ ಮುಗಿಸೂ ಮುಂದ ಕಡೀ ಮೂಲ್ಯಾಗ ಒಂದ ತುತ್ತ ಇಟ್ಟ ಹೊಲೀತಾರ್ರಿ. ಕೌದಿ ಹೊಟ್ಟಿ ತುಂಬಿರಬೇಕು, ಹೊತಗೊಂಡವ್ರೂ ಉಪಾಸ ಇರಬಾರ್ದು ಅಂತ." ಚಾದರ ಮಾರುವ ಮನೆಯವನು ನಾನು, ಕೌದಿ ಹೊದ್ದವನೇ ಅಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಪಾಸ್ ಅದ, ಶೇಟ. ಎಲ್ಲಾ ಪಾಸ್" ಎಂದೆ. ಆದರೆ ಬಾಳವ್ವ ಪಟವನ್ನು ಮಡಚತೊಡಗಿದ್ದರು.

"ಬಾಯಾಗಿನ ತುತ್ತ ಕಸಗೊಂಡ ಮ್ಯಾಲೆ ಆ ಕೌದಿ ಉಣ್ಣೂ ಮನ್ಯಾಗ ಹಾಕೂದಿಲ್ರಿ. ನಮಗ ಈ ಕೆಲಸ ಬ್ಯಾಡ."

ಶೇಟರು ಬೇಡಿಕೊಂಡರು. ಗುರುನಾಥನ ಮುಖ ಬಿಳಿಚಿಕೊಂಡಿತು. ನನ್ನ ಒಂದು ಕತ್ತರಿ ಏಟಿಗೆ ಇಬ್ಬರ ಕೆಲಸ ಹೋಗುವುದರಲ್ಲಿತ್ತು. "ಬಾಳವ್ವಾ, ತಪ್ಪಾತು. ಏನ್ ಮಾಡಬೇಕು ಹೇಳ್ರಿ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈಗ ಸಂಶಯಪಡುವ ಸರದಿ ಅವರದು. "ತಗದವ್ರ ಇಡಬೇಕು. ನಿಮ್ಮ ಬುತ್ತ್ಯಾಗಿಂದ. ಹೊಲಿಗಿನೂ ನೀವ ಹಾಕ್ರಿ."

ಡಬ್ಬಿ ಬಿಚ್ಚಿದೆ. ಹೆಂಡತಿ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿಯಿಂದ ಒಂದು ಚೂರು ಮುರಿದು ಮೂಲೆಯಲ್ಲಿಟ್ಟೆ. ಇರುವೆ, ಹುಳದ ಮಾತು ಎತ್ತಬಹುದಿತ್ತು; ಎತ್ತಲಿಲ್ಲ. ಮೂವತ್ತಾರು ವರ್ಷ ಬಟ್ಟೆ ಪರೀಕ್ಷೆ ಮಾಡಿದವನು ನಾಲ್ಕು ಬೆರಳು ಹೊಲಿಗೆ ಹಾಕಲು ಮುಕ್ಕಾಲು ಗಂಟೆ ತೆಗೆದುಕೊಂಡೆ, ಎರಡು ಸಲ ಸೂಜಿ ಚುಚ್ಚಿಕೊಂಡೆ.

"ಈಗ ನಿಮ್ಮ ಭಿಂಗ ಹಚ್ಚಿ ನೋಡ್ರಿ, ಸಾಹೇಬ್ರ" ಎಂದು ಬಾಳವ್ವ ಪಿಕ್ ಗ್ಲಾಸನ್ನು ನನ್ನ ಮುಂದೆ ಸರಿಸಿದರು. ಆಮೇಲೆ ಮಡಚಿದ್ದ ಪಟವನ್ನು ತಾವೇ ಬಿಚ್ಚಿ ಹಾಸಿದರು.

ಬಟ್ಟೆ ಯಾವುದರಿಂದಾಗಿದೆ ಎಂದು ಗ್ಲಾಸು ಹೇಳುತ್ತದೆ, ಯಾಕಾಗಿದೆ ಎಂದು ಹೇಳುವುದಿಲ್ಲ. ಸಂಶಯ ನನ್ನ ಕಸುಬು, ಅದನ್ನು ಬಿಡಲಿಲ್ಲ. ಆದರೆ ಕತ್ತರಿ ಎತ್ತುವ ಮೊದಲು ಇನ್ನೊಂದು ಸಲ ಕೇಳುವುದನ್ನು ಆ ದಿನ ಕಲಿತೆ. ಐದೂ ಪಟಗಳು ಇಂದಿಗೂ ಆ ಗೋಡೆಯ ಮೇಲಿವೆ. ಅವತ್ತಿನ ವರದಿಯ ಷರಾ ಕಾಲಂನಲ್ಲಿ ಹೀಗೆ ಬರೆದೆ: "ಎಲ್ಲ ಹತ್ತಿ. ಎಲ್ಲ ಕೈಹೊಲಿಗೆ. ಬಲಗಡೆಯ ಕೆಳಮೂಲೆಯ ಹೊಲಿಗೆ ಮಾತ್ರ ಕಳಪೆ, ಅದು ಪರೀಕ್ಷಕರದು."