ಲೋಸೇಲಿ ಅತ್ತೆಯ ಒಪ್ಪಿಗೆ

ವವಾಉ ದ್ವೀಪದ ನಮ್ಮ ಹಳ್ಳಿಯಲ್ಲಿ ಮಕ್ಕಳು ಯಾವ ಸಿನಿಮಾ ನೋಡಬಹುದೆಂದು ತೀರ್ಮಾನಿಸುವವರು ಪಾದ್ರಿಯಲ್ಲ, ನನ್ನ ಸೋದರತ್ತೆ ಲೋಸೇಲಿ. ಶುಕ್ರವಾರ ಇಗರ್ಜಿಯ ಸಭಾಂಗಣದಲ್ಲಿ ತೋರಿಸುವ ಪ್ರತಿ ಸಿನಿಮಾವನ್ನೂ ಅವರು ಮೊದಲೇ ಕೂತು ನೋಡುತ್ತಾರೆ. ಪ್ರೊಜೆಕ್ಟರ್ ನಡೆಸುವವಳು ನಾನು. ಕತ್ತಿ, ಬಂದೂಕು, ಉರಿಯುವ ಕಾರು, ಯಾವುದಕ್ಕೂ ಅತ್ತೆಯ ತಕರಾರಿಲ್ಲ. ಮುತ್ತು ಮಾತ್ರ ಆಗದು. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಮುತ್ತು ನೋಡಿದರೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತದೆ ನಮಗೆ. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಮಾವಂದಿರ ಮಕ್ಕಳೆಲ್ಲ ಅಣ್ಣತಂಗಿಯರೇ ಆದ್ದರಿಂದ ಹಳ್ಳಿಯಲ್ಲಿ ಹೊರಗಿನವರೆಂದರೆ ಪಾದ್ರಿಯ ನಾಯಿ ಒಂದೇ. ಮುತ್ತು ಬರುವ ಹೊತ್ತಿಗೆ ಅತ್ತೆ ನಾರುಬಟ್ಟೆಯ ತುಂಡೊಂದನ್ನು ಪ್ರೊಜೆಕ್ಟರಿಗೆ ಅಡ್ಡ ಹಿಡಿಯುತ್ತಾರೆ. ಒಮ್ಮೆ ಹಾಗೇ ತೂಕಡಿಸಿಬಿಟ್ಟರು. ಅರ್ಧ ಸಿನಿಮಾವನ್ನು ಊರೆಲ್ಲ ಕಿವಿಯಲ್ಲೇ ನೋಡಿತು, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಕಳೆದ ವರ್ಷ ಹುಡುಗರು ಅಣ್ಣತಮ್ಮಂದಿರಿಬ್ಬರ ದರೋಡೆಯ ಸಿನಿಮಾ ಬೇಕೆಂದು ಹಟ ಹಿಡಿದರು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದು ತಕ್ಕದ್ದೇ ಎಂದು ಪಾದ್ರಿ ಅತ್ತೆಯನ್ನು ಕೇಳಿದರು. ಅತ್ತೆ ನೋಡಿದರು. ಇಬ್ಬರೂ ಸೇರಿ ಬ್ಯಾಂಕ್ ದೋಚುತ್ತಾರೆ, ಪಾಲಿಗಾಗಿ ಜಗಳವಾಡುತ್ತಾರೆ, ತಮ್ಮ ಹೋಗಿ ಪೊಲೀಸರಿಗೆ ಹೇಳುತ್ತಾನೆ, ಅಣ್ಣ ಜೈಲು ಸೇರುತ್ತಾನೆ. ಆಮೇಲೆ ಸಾಯುವ ತನಕ ಇಬ್ಬರಿಗೂ ಮಾತಿಲ್ಲ. ಮುತ್ತು ಒಂದೂ ಇಲ್ಲ. ಅತ್ತೆಯ ಲೆಕ್ಕದಲ್ಲಿ ತೊಟ್ಟಿಲ ಕೂಸಿಗೂ ತೋರಿಸಬಹುದು. ಆದರೂ ಅವರು ಹೂಂ ಅನ್ನಲಿಲ್ಲ. ಇನ್ನೊಮ್ಮೆ ಹಾಕಿಸಿ, ಬೀಸಣಿಗೆ ಮಡಿಲಲ್ಲಿಟ್ಟು ನೋಡಿದರು.

ಕಾರಣ ನನಗೆ ಗೊತ್ತಿತ್ತು. ಅವರ ತಮ್ಮಂದಿರಿಬ್ಬರು, ಪೆನಿಸಿಮನಿ ದೊಡ್ಡಪ್ಪ ಮತ್ತು ನನ್ನ ಅಪ್ಪ ಕಲಾಫಿ, ಮಾತು ಬಿಟ್ಟು ಏಳು ವರ್ಷವಾಗಿತ್ತು. ಸಾವಿನ ಮನೆಗೆ ತಂದ ಹಂದಿಗಳನ್ನು ಕೊಟ್ಟವರ ಹೆಸರು ಹಿಡಿದು ಒಬ್ಬ ಎಲ್ಲರಿಗೂ ಕೇಳುವಂತೆ ಕೂಗುವುದು ನಮ್ಮ ಪದ್ಧತಿ. ಅಜ್ಜಿ ಸತ್ತ ದಿನ ಎಲ್ಲಕ್ಕಿಂತ ದೊಡ್ಡ ಹಂದಿ ತಂದವನು ದೊಡ್ಡಪ್ಪ, ಕೂಗಿದ್ದು ಅಪ್ಪನ ಹೆಸರು. ದೊಡ್ಡಪ್ಪ ಎಲ್ಲರೆದುರು ಅಪ್ಪನನ್ನು ಕಳ್ಳ ಅಂದ. ಅಪ್ಪ ಊಟ ಬಿಟ್ಟು ಎದ್ದ. ದೊಡ್ಡವರದು ಹೇಗೋ ನಡೆದಿತ್ತು. ಈಗ ನನ್ನ ತಮ್ಮನೂ ದೊಡ್ಡಪ್ಪನ ಮಗನೂ, ಇಬ್ಬರಿಗೂ ಹದಿನಾಲ್ಕು, ಶಾಲೆಯ ದಾರಿಯಲ್ಲಿ ಒಬ್ಬರಿಗೊಬ್ಬರು ಕಲ್ಲೆಸೆಯತೊಡಗಿದ್ದರು. ಆ ಹಂದಿಯ ರುಚಿಯೂ ಅವರಿಗೆ ನೆನಪಿಲ್ಲ.

ಕೊನೆಗೆ ಅತ್ತೆ ಪಾದ್ರಿಗೆ ಹೇಳಿದರು: "ಮಕ್ಕಳ ವಿಷ್ಯ ಆಮೇಲೆ. ಐವತ್ತು ದಾಟಿದೋರಿಗೆ ಇದು ತಕ್ಕದ್ದಾ ಅಂತ ಮೊದ್ಲು ನೋಡ್ಬೇಕು."

ಅಕ್ಕ ಕರೆದರೆ ತಮ್ಮಂದಿರು ಒಲ್ಲೆ ಎನ್ನುವಂತಿಲ್ಲ. ಗುರುವಾರ ಮಧ್ಯಾಹ್ನ ಇಬ್ಬರೂ ಬಂದು ಸಭಾಂಗಣದ ಎರಡು ತುದಿಗಳಲ್ಲಿ ಕೂತರು. ಮುತ್ತು ಇರಲಿ ಬಿಡಲಿ, ಒಡಹುಟ್ಟಿದ ತಮ್ಮಂದಿರಿರುವ ಕೋಣೆಯಲ್ಲಿ ಕೂತು ಸಿನಿಮಾ ನೋಡುವಂತಿಲ್ಲವೆಂದು ಅತ್ತೆ ಹೊರಗೆ, ಕಿಟಕಿಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತರು.

ಸಿನಿಮಾದ ತಮ್ಮ ಪೊಲೀಸರ ಬಾಗಿಲು ತಟ್ಟಿದ. ಆಗ ದೊಡ್ಡಪ್ಪ ಪರದೆಯತ್ತ ನೋಡಿ, "ತಮ್ಮಂದಿರ ಬುದ್ಧಿಯೇ ಇಷ್ಟು," ಅಂದ.

ಅಪ್ಪನೂ ಪರದೆಗೇ ಉತ್ತರ ಕೊಟ್ಟ: "ಅಣ್ಣ ಆದೋನು ಕಳ್ಳ ಅನ್ನೋಕೆ ಮುಂಚೆ ಒಂದ್ ಮಾತು ಕೇಳ್ಬೇಕಿತ್ತು."

ಸಿನಿಮಾದಲ್ಲಿ ಯಾರೂ ಯಾರನ್ನೂ ಕಳ್ಳ ಅಂದಿರಲಿಲ್ಲ, ಅಲ್ಲಿ ಇಬ್ಬರೂ ಕಳ್ಳರೇ. ದನಿ ಏರಿತು. ಬ್ಯಾಂಕ್ ಹೋಗಿ ಹಂದಿ ಬಂತು. ನಾನು ಪ್ರೊಜೆಕ್ಟರ್ ನಿಲ್ಲಿಸಿದೆ.

ಹೊರಗಿನಿಂದ ಅತ್ತೆ ಹೇಳಿದರು: "ಕೂಗೋನಿಗೆ ಹೆಸ್ರು ಕೊಟ್ಟೋಳು ನಾನು. ಅವ್ವ ಹೋದ ದುಃಖದಲ್ಲಿ ಪೆನಿ ಅನ್ನೋ ಬದ್ಲು ಕಲಾಫಿ ಅಂದ್ಬಿಟ್ಟೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ನನಗೆ ಮೈಯೆಲ್ಲ ಉರಿಯಿತು. ಏಳು ವರ್ಷ ದೊಡ್ಡಪ್ಪನ ಮನೆ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದವಳು ನಾನು. ಆದರೆ ಅತ್ತೆಗೆ ನಾನು ಎದುರಾಡುವಂತಿಲ್ಲ, ಅಕ್ಕನನ್ನು ತಮ್ಮಂದಿರು ಎದುರಿಗೆ ಬೈಯುವಂತಿಲ್ಲ. ಕೊನೆಗೆ ದೊಡ್ಡಪ್ಪ ಎದ್ದು ಸಭಾಂಗಣ ದಾಟಿ ಬಂದು ಅಪ್ಪನ ಪಕ್ಕದಲ್ಲಿ ಕೂತ. ಅಪ್ಪನ ಕಿವಿಯಲ್ಲಿ ಏನೋ ಅಂದ. ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಅದಕ್ಕೆ ಇನ್ನೆರಡು ಮಾತು ಸೇರಿಸಿದ.

ನಾನು ಹೊರಗೆ ಬಂದೆ. ಅತ್ತೆ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಿದ್ದರು.

"ಒಳಗೆ ಏನ್ ಮಾಡ್ತಿದ್ದಾರೆ?"

"ನಿಮ್ಮನ್ನ ಬೈತಿದ್ದಾರೆ, ಅತ್ತೆ."

"ಒಬ್ಬೊಬ್ಬರೇನಾ?"

"ಇಬ್ರೂ ಸೇರ್ಕೊಂಡು."

ಅತ್ತೆ ಬೀಸಣಿಗೆ ಇಳಿಸಿದರು. "ಹಾಗಾದ್ರೆ ನಾಳೆ ಮಕ್ಕಳಿಗೆ ಹಾಕು."