ಬಸಮ್ಮನವರ ಹೊಸ್ತಿಲಲ್ಲಿ

೧೯೩೭ರಲ್ಲಿ ನಾನು ಕಂಪ್ಲಿಯ ಡಿಸ್ಪೆನ್ಸರಿಯಲ್ಲಿ ಮಿಡ್‌ವೈಫ್ ಆಗಿದ್ದೆ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿಯ ಮಿಷನ್ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆದು, ಹೊಸಪೇಟೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಕಂಪ್ಲಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ನನ್ನ ಹೆಸರು ರೂತಮ್ಮ. ಆ ಹೆಸರು ಊರಿನ ಯಾರ ನಾಲಿಗೆಗೂ ಹೊಂದಲಿಲ್ಲ. ಎದುರಿಗೆ ನರ್ಸಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಯೇಸಮ್ಮ.

ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆದು, ಒಂದು ಗಳಿಗೆ ಕಣ್ಣು ಮುಚ್ಚಿ ಪ್ರಾರ್ಥಿಸುವುದು ನನ್ನ ರೂಢಿ. ಡಿಸ್ಪೆನ್ಸರಿಯಲ್ಲಿ ಔಷಧ ಕಲಸಿ ಕೊಡುತ್ತಿದ್ದ ಕಾಂಪೌಂಡರ್ ಭೀಮಣ್ಣನಿಗೆ ಅದೊಂದು ದಿನನಿತ್ಯದ ವಿನೋದ. "ಸುಮ್ಮನಿರ್ರಪಾ, ಅಮ್ಮಾರು ಮ್ಯಾಲಕ್ಕ ತಂತಿ ಕಳಸಾಕ ಹತ್ಯಾರ," ಎಂದು ಕಾದು ಕುಳಿತವರನ್ನೆಲ್ಲ ನಗಿಸುತ್ತಿದ್ದ. ಅವನ ನಗುವಿನಲ್ಲಿ ವಿಷ ಇರಲಿಲ್ಲ. ಡಾಕ್ಟರ್ ಮಾಧವರಾಯರದು ಬೇರೆ ಬಗೆ. ಮಂಗಳೂರು ಕಡೆಯ ಯುವಕರು, ಕೆಲಸದಲ್ಲಿ ಬಲು ಶಿಸ್ತು. ದೇವರು ಎಂಬ ಮಾತು ಕೇಳಿದರೆ ಹುಬ್ಬು ಗಂಟಿಕ್ಕುತ್ತಿತ್ತು. "ಕ್ರಿಮಿ ಕೊಲ್ಲಲು ಕಾರ್ಬಾಲಿಕ್ ಲೋಷನ್ ಸಾಕು ರೂತಮ್ಮ, ಅದರ ಮೇಲೆ ಪ್ರಾರ್ಥನೆ ಯಾಕೆ?" ಎಂದು ಕೇಳುತ್ತಿದ್ದರು. ನಾನು ರೂಢಿ ಬಿಡಲಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದ ನಮ್ಮಪ್ಪ ನಮ್ಮ ಮನೆತನದಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಮೊದಲಿಗರು. ಅದಕ್ಕಾಗಿ ಅಣ್ಣತಮ್ಮಂದಿರಿಂದ ಸಾಕಷ್ಟು ಕೇಳಿಸಿಕೊಂಡವರು. "ಹೆದರಿ ಸುಳ್ಳು ಹೇಳಬ್ಯಾಡ, ಸೊಕ್ಕಿಲೇ ಖರೇ ಹೇಳಬ್ಯಾಡ," ಎನ್ನುತ್ತಿದ್ದರು. ಮೊದಲರ್ಧ ನನಗೆ ಬೇಗ ತಿಳಿಯಿತು. ಉಳಿದರ್ಧದ ಅರ್ಥ ತಿಳಿದದ್ದು ಆ ವರ್ಷದ ಶ್ರಾವಣದಲ್ಲಿ.

ಕೋಟೆಯ ಕಡೆ ಭತ್ತದ ವ್ಯಾಪಾರಿ ವೀರಭದ್ರಪ್ಪನವರ ಮನೆ. ಒಂದು ಬೆಳಿಗ್ಗೆ ಅವರೇ ಏದುಸಿರು ಬಿಡುತ್ತ ಬಂದರು. ಅವರ ಹೆಂಡತಿ ನೀಲಮ್ಮನಿಗೆ ಹಿಂದಿನ ದಿನದಿಂದ ನೋವು. ಮೊದಲ ಹೆರಿಗೆ. ಮಗುವಿನ ಕೈ ಹೊರಗೆ ಬಂದಿದೆ, ಮಗು ಬರುತ್ತಿಲ್ಲ ಎಂದು ಮನೆಯ ಸೂಲಗಿತ್ತಿ ಕೈಚೆಲ್ಲಿದ್ದಳು. ಅಂದರೆ ಮಗು ಗರ್ಭದಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿದೆ. ಹೊಸಪೇಟೆಗೆ ಬಂಡಿಯಲ್ಲಿ ಒಯ್ದರೆ ದಾರಿಯಲ್ಲೇ ಜೀವ ಹೋದೀತು. ಡಾಕ್ಟರು, ನಾನು ಕೂಡಲೇ ಹೊರಟೆವು.

ಆ ಮನೆಯಲ್ಲಿ ಹೆರಿಗೆಯ ಕೋಣೆಗೆ ಗಂಡಸರ ನೆರಳೂ ಬೀಳುವಂತಿರಲಿಲ್ಲ. ಡಾಕ್ಟರನ್ನು ಪಡಸಾಲೆಯಲ್ಲಿ ಕೂರಿಸಿದರು. ಒಳಬಾಗಿಲ ಹೊಸ್ತಿಲಲ್ಲಿ ವೀರಭದ್ರಪ್ಪನವರ ತಾಯಿ ಬಸಮ್ಮನವರು ನಿಂತಿದ್ದರು. ಅರವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ನೆಟ್ಟಗಿನ ನಿಲುವು. ಅವರ ಕೈಯಲ್ಲಿ ವಿಭೂತಿಯ ಬಟ್ಟಲಿತ್ತು.

"ಮೊದಲ ಇದನ್ನ ಹಚ್ಚಿಕೋ. ದೇವರ ಮನಿ ಮುಂದ ಅಡ್ಡಬಿದ್ದು, ಆಮ್ಯಾಲೆ ಒಳಗ ಹೋಗು. ನಿನ್ನ ದೇವರ ಹೆಸರು ಈ ಮನಿಯಾಗ ಎತ್ತಬ್ಯಾಡ. ಹೊಟ್ಟಿಯಾಗಿನ ಕೂಸಿಗೆ ಏನರ ಆದೀತು."

ಒಳಗಿಂದ ನೀಲಮ್ಮನ ನರಳಾಟ ಕೇಳುತ್ತಿತ್ತು. ಪಡಸಾಲೆಯಲ್ಲಿ ಕೂತಿದ್ದ ನೆಂಟರಲ್ಲೊಬ್ಬ, "ಹಚ್ಚಿಕೊಳ್ಳವಾ, ಬೂದಿ ಅದು, ಸುಡೂದಿಲ್ಲ," ಎಂದ. ಇನ್ನೊಬ್ಬ, "ಆಕಿ ಯೇಸು ಸಿಟ್ಟಾಗ್ತಾನಲ್ಲೋ," ಎಂದ. ಅಂಥ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು.

ಡಾಕ್ಟರು ಎದ್ದು ಹತ್ತಿರ ಬಂದರು. ಅವರ ಹಣೆಯ ಮೇಲೆ ಆಗಲೇ ವಿಭೂತಿ ಇತ್ತು. ಮನೆಯವರು ಕೇಳಿದ ಕೂಡಲೇ ಹಚ್ಚಿಕೊಂಡಿದ್ದರು. "ರೂತಮ್ಮ, ನಾನು ಯಾವ ದೇವರನ್ನೂ ನಂಬುವುದಿಲ್ಲ, ಹಚ್ಚಿಕೊಂಡೆ. ಒಳಗೆ ಒಂದು ಜೀವ ಹೋಗುತ್ತಿದೆ. ನಿಮ್ಮ ಹಟಕ್ಕೆ ಇದು ಹೊತ್ತಲ್ಲ," ಎಂದು ಸಿಟ್ಟಿನಿಂದ ಪಿಸುಗುಟ್ಟಿದರು.

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇದು ನಂಬಿಕೆಯೋ ಬರೀ ಸೊಕ್ಕೋ ಎಂದು ನನ್ನನ್ನೇ ಕೇಳಿಕೊಂಡೆ. ಬೇರೆಯವರ ಪ್ರಾಣದ ಮೇಲೆ ನನ್ನ ನಿಷ್ಠೆ ತೋರಿಸುವ ಹಕ್ಕು ನನಗೆಲ್ಲಿಯದು? ಒಂದು ಸಲ ಬಗ್ಗಿ ಎದ್ದರೆ ಮುಗಿಯಿತು. ಆದರೆ ಬಸಮ್ಮನವರ ಮುಖ ನೋಡಿದಾಗ ಬೇರೊಂದು ಕಂಡಿತು. ನಗುತ್ತಿದ್ದವರಿಗೆ ಆ ಬಟ್ಟಲಲ್ಲಿದ್ದದ್ದು ಬೂದಿ. ಆಕೆಗೆ ಹಾಗಲ್ಲ. ಒಳಗಿದ್ದ ಎರಡೂ ಜೀವಕ್ಕೆ ಅದೇ ಕಾವಲು.

ನಾನು ಹೇಳಿದೆ: "ಅಮ್ಮಾರ, ಕಾಲು ತೊಳಕೊಂತೀನಿ, ಸೀರಿ ಬದಲಿಸಂದ್ರ ಬದಲಿಸ್ತೀನಿ, ಹಿತ್ತಲ ಬಾಗಲದಿಂದ ಬಾ ಅಂದ್ರ ಬರ್ತೀನಿ. ನನ್ನ ದೇವರ ಹೆಸರು ಬಾಯಿಲೆ ಎತ್ತೂದಿಲ್ಲ. ಮನಸಿನ್ಯಾಗ ನೆನಸೂದು ಮಾತ್ರ ಬಿಡಾಕ ಆಗೂದಿಲ್ಲ. ಇದು ನಿಮಗ ಬೂದಿ ಅಲ್ಲ ಅಂತ ನನಗ ಗೊತ್ತೈತ್ರಿ. ನಂಬದ ನಾ ಇದನ್ನ ಹಚ್ಚಿಕೊಂಡ್ರ, ನನ್ನ ದೇವರಿಗೂ ಸುಳ್ಳು ಹೇಳಿದಂಗ, ನಿಮ್ಮ ದೇವರನ್ನೂ ಚ್ಯಾಷ್ಟಿ ಮಾಡಿದಂಗ. ಆ ಪಾಪ ನನ್ನ ಕೈಲೆ ಮಾಡಸಬ್ಯಾಡ್ರಿ."

ಬಸಮ್ಮನವರು ನನ್ನನ್ನೇ ದಿಟ್ಟಿಸಿದರು.

"ನಿನಗ ನಿನ್ನ ದೇವರು ಖರೇನ?"

"ಖರೇನ್ರಿ ಅಮ್ಮಾ."

ಆಕೆ ಬಟ್ಟಲನ್ನು ಗೂಡಿನಲ್ಲಿಟ್ಟು ಹೊಸ್ತಿಲಿಂದ ಪಕ್ಕಕ್ಕೆ ಸರಿದರು. "ಖರೇ ಇದ್ದಾಕಿ ಆದ್ರ ಬಾ. ಜಲ್ದಿ ಬಾ."

ಒಳಗೆ ಹೋಗಿ ಪರೀಕ್ಷಿಸಿದೆ. ಮಗುವಿನ ಹೊರಬಂದ ಕೈ ನೀಲಿಗಟ್ಟಿ ತಣ್ಣಗಾಗಿತ್ತು. ಎದೆಬಡಿತ ಕೇಳಿಸಲಿಲ್ಲ. ನೀಲಮ್ಮನ ನಾಡಿ ತೀರ ಕ್ಷೀಣ. ಇಂಥ ಸ್ಥಿತಿಯಲ್ಲಿ ತಾಯಿಗೆ ಕ್ಲೋರೋಫಾರ್ಮ್ ಕೊಟ್ಟು, ಗರ್ಭದೊಳಗೆ ಕೈಹಾಕಿ ಮಗುವನ್ನು ತಿರುಗಿಸಿ, ಕಾಲು ಹಿಡಿದು ಹೊರತರಬೇಕು. ಇದನ್ನು ವರ್ಷನ್ ಎನ್ನುತ್ತಾರೆ. ಸ್ವಲ್ಪ ತಪ್ಪಿದರೂ ಗರ್ಭಕೋಶ ಹರಿಯುತ್ತದೆ. ಅದು ಮಿಡ್‌ವೈಫ್ ಮಾಡುವ ಕೆಲಸವಲ್ಲ.

ನಾನು ಬಸಮ್ಮನವರ ಕಡೆ ತಿರುಗಿದೆ. "ಅಮ್ಮಾ, ಕೂಸು ಉಳದಿಲ್ಲ ಅನಸ್ತೈತ್ರಿ. ತಾಯಿ ಉಳೀಬಹುದು. ಆದ್ರ ಇದು ನನ್ನ ಕೈಲೆ ಆಗೂದಿಲ್ಲ. ಡಾಕ್ಟರು ಒಳಗ ಬರಬೇಕು."

ಸೂಲಗಿತ್ತಿ ಹೌಹಾರಿದಳು. ಗಂಡಸು, ಈ ಕೋಣೆಗೆ? ಬಸಮ್ಮನವರು ಕೇಳಿದ್ದು ಒಂದೇ ಮಾತು: "ಬ್ಯಾರೆ ದಾರಿ ಇಲ್ಲೇನು?"

"ಇದ್ದಿದ್ರ ಹೇಳತಿದ್ದೆ."

"ಹೌದು, ಹೇಳತಿದ್ದಿ," ಎಂದು ತಾವೇ ಹೋಗಿ ಡಾಕ್ಟರನ್ನು ಕರೆತಂದರು. ಬಾಗಿಲಲ್ಲಿ ತಡೆದ ನೆಂಟರಿಗೆ, "ಸರೀರಿ ಅತ್ಲಾಗ! ನಿಮ್ಮ ಮಾನಕ್ಕಿಂತ ಆಕಿ ಜೀವ ದೊಡ್ಡದು," ಎಂದದ್ದು ಒಳಗೆ ಕೇಳಿಸಿತು. ಸೊಸೆಯ ಮುಖಕ್ಕೆ ಸೆರಗಿನ ಮರೆ ಹಿಡಿದು ಆಕೆಯೇ ನಿಂತರು.

ಕ್ಲೋರೋಫಾರ್ಮನ್ನು ನಾನು ಹನಿ ಹನಿಯಾಗಿ ಕೊಟ್ಟೆ. ಮಾಧವರಾಯರು ಬೆವರಿಳಿಸುತ್ತ, ತುಟಿ ಕಚ್ಚಿ ಕೆಲಸ ಮಾಡಿದರು. ಕೊಟ್ಟ ಮಾತಿನಂತೆ ನಾನು ಬಾಯಿ ಬಿಡಲಿಲ್ಲ, ಒಳಗೊಳಗೇ ಬೇಡಿಕೊಂಡೆ. ಮಗು ಹೊರಬಂತು. ಗಂಡು. ಉಸಿರಿರಲಿಲ್ಲ. ನೀಲಮ್ಮ ಉಳಿದಳು.

ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಮರುದಿನವೇ ಪೇಟೆಯಲ್ಲಿ ಮಾತು ಹಬ್ಬಿತು: ವಿಭೂತಿ ಒಲ್ಲೆ ಅಂದಳು, ಮನೆದೇವರು ಮುನಿದ, ಗಂಡುಕೂಸು ಹೋಯಿತು. ಹೊಸ್ತಿಲಿಗೆ ನಾನು ಬರುವ ಮೊದಲೇ ಮಗು ತೀರಿಕೊಂಡಿತ್ತು ಎಂದು ಡಾಕ್ಟರು ಹೇಳಿದ್ದನ್ನು ಯಾರಿಗೆ ಹೇಳುವುದು? ನೀಲಮ್ಮನಿಗೆ ಬಾಣಂತಿ ಜ್ವರ ಏರಿತ್ತು. ಇಂದಿನ ಔಷಧಗಳು ಆಗ ಇರಲಿಲ್ಲ. ಗಾಯ ತೊಳೆದು, ಶಾಖ ಕೊಟ್ಟು, ಚೊಕ್ಕಟವಾಗಿಡುವುದೇ ಚಿಕಿತ್ಸೆ. ಅದಕ್ಕೆ ನಾನು ದಿನಾ ಆ ಬೀದಿಯಲ್ಲೇ ಹೋಗಬೇಕು. ಅಂಗಡಿಕಟ್ಟೆಗಳಿಂದ, "ಯೇಸಮ್ಮ ಹೊಂಟ್ಳು, ಬಾಗಲಾ ಹಾಕ್ರೋ," ಎಂಬ ಕೂಗು. ಒಮ್ಮೆ ಸಗಣಿಯುಂಡೆ ಬಂದು ಸೀರೆಗೆ ಬಡಿಯಿತು. ನಾನು ತಿರುಗಿ ಬಯ್ಯಲಿಲ್ಲ. ಬೈದವರನ್ನು ಹರಸಿರಿ ಎಂದು ಚಿಕ್ಕಂದಿನಿಂದ ಕಲಿತಿದ್ದೆ. ಅಂದು ಹರಸಲು ಆಗಲಿಲ್ಲ, ಬಯ್ಯದೆ ಇರುವುದಷ್ಟೇ ಆಯಿತು. ಸೀರೆ ಬದಲಿಸಿಕೊಂಡು ಮತ್ತೆ ಹೋದೆ.

ಆ ಸಂಗತಿ ಬಸಮ್ಮನವರ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಆಕೆ ಡಿಸ್ಪೆನ್ಸರಿಯ ಮುಂದೆ ಬಂದು ನಿಂತಿದ್ದರು. ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪವಾಗಿದ್ದ ಹಿರಿಯ ಹೆಂಗಸು! "ನಡಿ," ಎಂದು ನನ್ನ ಔಷಧದ ಪೆಟ್ಟಿಗೆಗೆ ಕೈಹಾಕಿದರು. ನಾನು ಕೊಡಲಿಲ್ಲ. ಪೇಟೆಯ ನಡುವೆ ಅವರು ನನ್ನ ಜೊತೆಯಲ್ಲೇ ನಡೆದರು. ಕಟ್ಟೆಯ ಮೇಲಿದ್ದವರ ಮುಂದೆ ನಿಂತು, "ಕೂಸು ಹೋಗಿದ್ದು ನನ್ನ ಮನ್ಯಾಗ. ಅಳೋದು ನಾ ಅಳ್ತೀನಿ. ನಿಮಗ ಅನ್ನಾಕ ಏನರ ಇದ್ರ ನನಗ ಅನ್ರಿ," ಎಂದರು. ಜ್ವರ ಇಳಿಯುವವರೆಗೂ ಆಕೆ ದಿನಾ ಬಂದರು. ದಾರಿಯಲ್ಲಿ ನಾವು ದೇವರ ಮಾತಾಡಲಿಲ್ಲ. ಸೊಸೆ ಗಂಜಿ ಕುಡಿದಳೋ ಇಲ್ಲವೋ, ಹೊಳೆಗೆ ನೀರು ಎಷ್ಟು ಬಂತು, ಇಂಥವೇ ಮಾತು. ಎರಡು ವರ್ಷದ ನಂತರ ನೀಲಮ್ಮ ಮತ್ತೆ ಬಸುರಿಯಾದಾಗ, ದಿನ ತುಂಬುವ ಮೊದಲೇ ಆಕೆಯನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದವರು ಬಸಮ್ಮನವರೇ.

ಕಂಪ್ಲಿಯಿಂದ ವರ್ಗವಾದಾಗ ಮಾಧವರಾಯರು ಹೇಳಿದರು: "ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ ರೂತಮ್ಮ. ಆದರೆ ಅಂದು ನಾನು ಹಣೆಗೆ ಹಚ್ಚಿಕೊಂಡು ಪಡಸಾಲೆಯಲ್ಲೇ ಉಳಿದೆ. ನನ್ನನ್ನು ಒಳಗೆ ಕರೆಸಿದ್ದು ನಿಮ್ಮ ಮಾತು."

ಹೊಸ ನರ್ಸುಗಳಿಗೆ ಕಲಿಸುವಾಗ ನಾನು ಇದನ್ನು ಹೇಳುತ್ತಿದ್ದೆ. ಕೆಲವರು ಕೇಳುತ್ತಿದ್ದರು, "ಆ ಅಮ್ಮ ದಾರಿ ಬಿಡದಿದ್ದರೆ ಏನು ಮಾಡುತ್ತಿದ್ದಿರಿ?" ನನಗೆ ಇಂದಿಗೂ ಗೊತ್ತಿಲ್ಲ. ನೀಲಮ್ಮ ನರಳುವುದನ್ನು ಕೇಳುತ್ತ ನಿಂತಿರುತ್ತಿದ್ದೆನೆಂದು ಜಂಬದಿಂದ ಹೇಳಲಾರೆ. ತಲೆಬಾಗಿ ಒಳಗೆ ಓಡುತ್ತಿದ್ದೆನೆಂದೂ ಹೇಳಲಾರೆ. ಅಂದು ದೇವರು ನನ್ನನ್ನು ಅಷ್ಟು ದೂರ ತಳ್ಳಲಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಅಪಾಯದಲ್ಲಿರುವ ಮನೆಯವರು ನಮ್ಮ ಕೈಗಿಂತ ಮೊದಲು ನಮ್ಮ ಮಾತನ್ನು ಮುಟ್ಟಿ ನೋಡುತ್ತಾರೆ. ಅದು ಗಟ್ಟಿಯಾಗಿದ್ದರೆ ಮಾತ್ರ ಜೀವವನ್ನು ನಮ್ಮ ಕೈಗೆ ಕೊಡುತ್ತಾರೆ.