ಕೇಸ ಮತ್ತು ಕೇಸು

ಆ ಟ್ರೇ ಈಗಲೂ ನನ್ನ ಕಣ್ಣ ಮುಂದಿದೆ. ನಾಸಿಕದ ಆಸ್ಪತ್ರೆಯಲ್ಲಿ ನನ್ನ ತಂಗಿಯ ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಮೇಡಂ ಅದನ್ನು ನಮ್ಮ ಮುಂದೆ ಹಿಡಿದರು. ತೆಂಗಿನಕಾಯಿ ಗಾತ್ರದ ಗಂಟು, ಕುಯ್ದಿಟ್ಟಿದ್ದರು. ಒಳಗೆ ಹಳದಿ ಜಿಡ್ಡು, ಬಚ್ಚಲ ಜಾಲರಿಗೆ ಸಿಕ್ಕಿಕೊಳ್ಳುವಂಥ ಕೂದಲ ಉಂಡೆ, ಪಕ್ಕದಲ್ಲಿ ಒಂದು ಹಲ್ಲು. ಸಾಕ್ಷಾತ್ ಹಲ್ಲು! ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಗಾಠೀತ ಕೇಸ ಆಹೇತ, ದಾತ ಪಣ ಆಹೇ," ಅಂದರು ಮೇಡಂ ಮರಾಠಿಯಲ್ಲಿ.

ಅಪ್ಪ ಬ್ಯಾಂಕಿನವರು. ಧಾರವಾಡದಿಂದ ಔರಂಗಾಬಾದಿಗೆ ವರ್ಗವಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಅಂದು ಬೆಳಗಿನ ಬಸ್ಸಿಗೆ ಓಡಿ ಬಂದಿದ್ದರು. ಗಂಟಿನಲ್ಲಿ ಕೂದಲಿದೆ, ಹಲ್ಲೂ ಇದೆ ಎಂದು ಮೇಡಂ ಹೇಳಿದರೆ ಅವರಿಗೆ ಕೇಳಿಸಿದ್ದೇ ಬೇರೆ.

"ಕೇಸಾ? ಪೊಲೀಸ್ ಕೇಸ್ ಯಾಕ್ರಿ ಮೇಡಂ? ನಾವು ಮರ್ಯಾದಸ್ತ ಮಂದಿ ಅದೀವ್ರಿ!"

ಮೇಡಂಗೆ ಕನ್ನಡ ಬಾರದು. ತಮ್ಮ ಜಡೆಯನ್ನೇ ಮುಂದಕ್ಕೆಳೆದು ತೋರಿಸಿ, "ಕೇಸ, ಕೇಸ!" ಅಂದರು. ನಗು ಬರಬೇಕಿತ್ತು, ಬರಲಿಲ್ಲ. ಮದುವೆಯಾಗದ ಮಗಳು, ಹೊಟ್ಟೆಯೊಳಗೆ ಕೂದಲು, ಹಲ್ಲು. ಅಪ್ಪನ ತಲೆ ಎಲ್ಲಿಗೆ ಓಡಿದೆ ಎಂಬುದು ನನಗೆ ಗೊತ್ತಾಯಿತು. ಅಮ್ಮ ಅದನ್ನು ಬಾಯಿಬಿಟ್ಟೇ ಕೇಳಿದಳು: "ಕೂಸೇನ್ರೀ ಅದು?"

ಆ ಪ್ರಶ್ನೆಯನ್ನು ಮರಾಠಿಗೆ ತರುವಾಗ ನನ್ನ ನಾಲಿಗೆಗೇ ಹೇಸಿಗೆಯಾಯಿತು. ಮೇಡಂ ಸಿಟ್ಟಾಗಲಿಲ್ಲ. ಇದು ಕೂಸಲ್ಲ, ಟೆರಟೋಮಾ. ಅಂಡಾಶಯದ ಜೀವಕೋಶಗಳು ತಾವಾಗಿಯೇ ದಾರಿ ತಪ್ಪಿ ಬೆಳೆಯುತ್ತವೆ, ಇದಕ್ಕೆ ಗಂಡಸಿನ ಸಂಬಂಧವೇ ಬೇಕಿಲ್ಲ, ಚಿಕ್ಕ ಹುಡುಗಿಯರಿಗೂ ಆಗುತ್ತದೆ ಎಂದರು. ಇಂಥವು ಕ್ಯಾನ್ಸರ್ ಆಗಿರುವುದು ಅಪರೂಪ, ಆದರೂ ಪರೀಕ್ಷೆಗೆ ಕಳಿಸುತ್ತೇವೆ. ಭಾರಕ್ಕೆ ಗಂಟು ತಿರುಚಿಕೊಂಡು ರಕ್ತ ನಿಂತದ್ದೇ ಇಲ್ಲಿ ಅಪಾಯವಾದದ್ದು. ಅಂಡಾಶಯ ಕಪ್ಪಾಗಿತ್ತು, ತೆಗೆಯಬೇಕಾಯಿತು. ಇನ್ನೊಂದು ಚೆನ್ನಾಗಿದೆ, ಮುಂದೆ ಮಕ್ಕಳಾಗಬಹುದು. ಆದರೆ ಆ ಕಡೆಯೂ ಗಂಟು ಬರಬಹುದು, ವರ್ಷಕ್ಕೊಮ್ಮೆ ಸೋನೋಗ್ರಫಿ ತಪ್ಪಿಸಬೇಡಿ.

ಕೊನೆಗೆ ನನ್ನ ಕಡೆ ತಿರುಗಿ, "ಮೊದಲ ದಿನವೇ ಬಂದಿದ್ದರೆ ತೆಗೆದ ಅಂಡಾಶಯವನ್ನೂ ಉಳಿಸಬಹುದಿತ್ತೇನೋ," ಅಂದರು.

ನಾವು ಬಂದದ್ದು ಮೂರನೆಯ ದಿನ. ತಂಗಿ ಕಾಲೇಜಿಗೆಂದು ನಾಸಿಕದಲ್ಲಿ ನನ್ನ ಮನೆಯಲ್ಲಿದ್ದಳು. ಕಿಬ್ಬೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದಾಗ ನಾನು ಮೊದಲು ಫೋನ್ ಮಾಡಿದ್ದು ಅಮ್ಮನಿಗೆ. "ಲಗ್ನ ಆಗದ ಹುಡುಗೀನ ಹೆರಿಗಿ ದವಾಖಾನಿಗೆ ಒಯ್ಯಬ್ಯಾಡವಾ. ನಮ್ಮ ಮಂದಿ ಯಾರರ ನೋಡಿದ್ರ?" ಅಂದಳು. ಹೂಂ ಅಂದೆ. ಡಿಗ್ರಿ ಮಾಡಿದವಳು, ಕೇಂದ್ರ ಸರ್ಕಾರದ ನೌಕರಿಯವಳು, ಎರಡು ದಿನ ಅಜವಾನದ ನೀರು ಕುಡಿಸುತ್ತ ಕೂತೆ. ಅವಳು ಹಸಿರಾಗಿ ವಾಂತಿ ಮಾಡಿಕೊಂಡಾಗಲೇ ನನಗೆ ರಿಕ್ಷಾ ನೆನಪಾದದ್ದು. ಆ ಟ್ರೇಗಿಂತ ಈ ನನ್ನ ಬುದ್ಧಿ ಹೆಚ್ಚು ಅಸಹ್ಯ.

ನೆಂಟರಿಗೆ, ಪರಿಚಯದವರಿಗೆಲ್ಲ "ಅಪೆಂಡಿಕ್ಸ್" ಎಂದು ಹೇಳಿದೆವು. ಆದರೂ ಹಲ್ಲಿನ ಸುದ್ದಿ ಹೇಗೋ ಹೊರಬಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬಾಕೆ ನನ್ನ ಮನೆಗೇ ಬಂದು ನಮ್ಮ ಚಹಾ ಕುಡಿದು, ಚಕ್ಕುಲಿ ಮುರಿಯುತ್ತ, "ಎಷ್ಟು ತಿಂಗಳದ್ದಿತ್ತಂತ?" ಎಂದು ಪಿಸುಗುಟ್ಟಿದಳು. ಆ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹಾಕಲಿಲ್ಲ, ಇನ್ನೆರಡು ಚಕ್ಕುಲಿ ಹಾಕಿದೆ.

ಪರೀಕ್ಷೆಯ ವರದಿ ಬಂತು, ಕ್ಯಾನ್ಸರ್ ಇರಲಿಲ್ಲ. ತಂಗಿ ಮತ್ತೆ ಕಾಲೇಜಿಗೆ ಹೊರಟಳು. ಒಂದು ಭಾನುವಾರ ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ, ತಲೆಯೆತ್ತದೆ ಕೇಳಿದಳು: "ಅಕ್ಕಾ, ಮೊದಲನೇ ದಿನಾನ ಹೋಗಿದ್ರ ಅದು ಉಳೀತಿತ್ತೇನು?"

"ಇಲ್ಲ ಬಿಡು," ಅಂದೆ. "ಹಂಗೇನೂ ಹೇಳಿಲ್ಲ ಡಾಕ್ಟರು."

ಅವಳು ಕೈಯಲ್ಲಿದ್ದ ಎಸಳನ್ನು ಪೂರ್ತಿ ಸುಲಿದು ಬಟ್ಟಲಿಗೆ ಹಾಕಿದಳು.

"ಡಿಸ್ಚಾರ್ಜ್ ಕಾರ್ಡ್ ಓದೀನಿ ಅಕ್ಕಾ. ಎಷ್ಟು ದಿನ ತಡಾ ಆತು, ಯಾಕ ಕಪ್ಪಾತು, ಎಲ್ಲಾ ಬರದಾರ. ಅಪೆಂಡಿಕ್ಸ್ ಅಂತ ಮಂದಿಗೆ ಹೇಳು. ನನಗ ಹೇಳಬ್ಯಾಡ."